ಕುಳಿತಲ್ಲಿಂದಲೇ ಹಾಡು ಬದಲಿಸೋಣ!
ರಿಮೋಟ್ ಹೇಗೆ ಕೆಲಸ ಮಾಡುತ್ತದೆ? ನಾವೇ ಒಂದನ್ನು ರೂಪಿಸುವುದು ಹೇಗೆ?

ಮಕ್ಕಳೇ, ತೊಗಲುಗೊಂಬೆಯಾಟವನ್ನು ನೀವು ನೋಡಿದ್ದೀರಾ? ಬಿಳಿ ಪರದೆ, ಅದರ ಹಿಂದೆ ದೀಪ, ಮಧ್ಯೆ ಬಣ್ಣಬಣ್ಣದ ತೊಗಲಿನ ಗೊಂಬೆ. ಗೊಂಬೆ ಕೈ ಎತ್ತುತ್ತದೆ, ತಲೆ ಅಲ್ಲಾಡಿಸುತ್ತದೆ, ಯುದ್ಧವನ್ನೂ ಮಾಡುತ್ತದೆ. ಆಡಿಸುವವರ ಕೈ ಮಾತ್ರ ನಮಗೆ ಕಾಣುವುದಿಲ್ಲ. ನಮ್ಮ ಕೊಪ್ಪಳ ತಾಲ್ಲೂಕಿನ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಈ ಕಲೆಯನ್ನು ಜೀವನವಿಡೀ ಆಡಿಸಿ ಉಳಿಸಿದವರು. ಅದಕ್ಕಾಗಿ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಗೊಂಬೆಗೂ ಕೈಗೂ ನಡುವೆ ಒಂದು ಕಡ್ಡಿ ಇದೆ. ಕೈಯ ಆಜ್ಞೆಯನ್ನು ಗೊಂಬೆಗೆ ಮುಟ್ಟಿಸುವುದು ಆ ಕಡ್ಡಿ. ಆದರೆ ಟಿ.ವಿ. ರಿಮೋಟಿಗೂ ಟಿ.ವಿ.ಗೂ ನಡುವೆ ಕಡ್ಡಿಯೂ ಇಲ್ಲ, ದಾರವೂ ಇಲ್ಲ. ಹಾಗಾದರೆ ನಿಮ್ಮ ಬೆರಳಿನ ಆಜ್ಞೆ ಅಲ್ಲಿಗೆ ಹೋಗುವುದು ಹೇಗೆ? ಅದೇ ಬಗೆಯಲ್ಲಿ ಕಂಪ್ಯೂಟರಿನಲ್ಲಿ ಹಾಡುತ್ತಿರುವ ಹಾಡನ್ನು ಕುಳಿತಲ್ಲಿಂದಲೇ ಬದಲಿಸಬಹುದೇ? ಈ ಪಾಠದಲ್ಲಿ ಇದನ್ನು ತಿಳಿಯೋಣ. ಕೆಲವನ್ನು ಮಾಡಿಯೂ ನೋಡೋಣ.

ದೂರದಿಂದ ನಡೆಸುವ ಕನಸು

ತಂತಿಯಿಲ್ಲದೆ ದೂರದ ವಸ್ತುವನ್ನು ನಡೆಸಬಹುದೆಂದು ತೋರಿಸಿದ ಮೊದಲಿಗರಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರೂ ಒಬ್ಬರು. ಅವರು 1895ರ ಸುಮಾರಿಗೆ ಕೋಲ್ಕತ್ತದಲ್ಲಿ ರೇಡಿಯೋ ತರಂಗಗಳನ್ನು ಕಳಿಸಿ ದೂರದಲ್ಲಿದ್ದ ಗಂಟೆ ಬಾರಿಸಿದರು, ಮದ್ದಿನ ಪುಡಿಗೆ ಕಿಡಿ ಹೊತ್ತಿಸಿದರು. ತರಂಗಗಳು ನಡುವಿನ ಗೋಡೆಯನ್ನೂ ದಾಟಿ ಹೋಗಿದ್ದವು. 1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ನೀರಿನಲ್ಲಿ ಬಿಟ್ಟು, ದೂರದಿಂದಲೇ ಅದನ್ನು ತಿರುಗಿಸಿ ತೋರಿಸಿದರು.

ಮನೆಯೊಳಗೆ ರಿಮೋಟ್ ಬಂದದ್ದು ಟಿ.ವಿ. ಬಂದ ಮೇಲೆ. ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ಒಂದು ರಿಮೋಟ್ ಮಾಡಿತು. ಅದಕ್ಕೆ ಉದ್ದನೆಯ ವೈರು ಇತ್ತು! ನಡೆದಾಡುವವರ ಕಾಲಿಗೆ ಅದು ತೊಡರುತ್ತಿತ್ತು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪೊಲಿ ಎಂಬವರು ಬೆಳಕಿನಿಂದ ಕೆಲಸ ಮಾಡುವ ರಿಮೋಟ್ ಮಾಡಿದರು. ಟಿ.ವಿ.ಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕಣ್ಣುಗಳಿದ್ದವು. ಯಾವ ಮೂಲೆಗೆ ಬೆಳಕು ಬಿಟ್ಟರೆ ಆ ಮೂಲೆಯ ಕೆಲಸ ನಡೆಯುತ್ತಿತ್ತು. ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಟಿ.ವಿ. ಅದನ್ನೇ ಆಜ್ಞೆ ಎಂದು ತಿಳಿದು ಚಾನೆಲ್ ಬದಲಿಸಿಬಿಡುತ್ತಿತ್ತು!

1956ರಲ್ಲಿ ರಾಬರ್ಟ್ ಆಡ್ಲರ್ ಎಂಬವರ ವಿನ್ಯಾಸದ ರಿಮೋಟ್ ಬಂತು. ಅದರೊಳಗೆ ಅಲ್ಯೂಮಿನಿಯಂ ಸರಳುಗಳಿದ್ದವು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಸರಳಿಗೆ ಬಡಿಯುತ್ತಿತ್ತು. ಅದರಿಂದ ಹುಟ್ಟುವ ಧ್ವನಿ ಮನುಷ್ಯರ ಕಿವಿಗೆ ಕೇಳದಷ್ಟು ಕೀರಲು. ಅದು ಟಿ.ವಿ.ಗೆ ಮಾತ್ರ ಕೇಳುತ್ತಿತ್ತು. ಈ ರಿಮೋಟಿಗೆ ಬ್ಯಾಟರಿಯೇ ಬೇಕಿರಲಿಲ್ಲ.

ಈಗ ನಮ್ಮ ಮನೆಗಳಲ್ಲಿರುವ ಹೆಚ್ಚಿನ ಟಿ.ವಿ. ರಿಮೋಟುಗಳು ಮತ್ತೆ ಬೆಳಕನ್ನೇ ಬಳಸುತ್ತವೆ. ಆದರೆ ಅದು ನಮ್ಮ ಕಣ್ಣಿಗೆ ಕಾಣದ ಬೆಳಕು. ಅದರ ಹೆಸರು ಅವಕೆಂಪು ಕಿರಣ.

ಸಂಗೀತಗಾರ ಕಂಡುಹಿಡಿದ ಬೆಳಕು

ಅವಕೆಂಪು ಕಿರಣವನ್ನು 1800ರಲ್ಲಿ ಕಂಡುಹಿಡಿದವರು ವಿಲಿಯಂ ಹರ್ಷೆಲ್. ಯುರೇನಸ್ ಗ್ರಹವನ್ನು 1781ರಲ್ಲಿ ಗುರುತಿಸಿದವರೂ ಅವರೇ. ಮೊದಲು ಅವರು ಸಂಗೀತಗಾರರಾಗಿದ್ದರು ಎಂಬುದು ನಿಮಗೆ ಗೊತ್ತೇ? ಇಂಗ್ಲೆಂಡಿನ ಬಾತ್ ಎಂಬ ಊರಿನಲ್ಲಿ ಆರ್ಗನ್ ವಾದ್ಯ ನುಡಿಸುವುದು ಅವರ ಉದ್ಯೋಗವಾಗಿತ್ತು.

ಹರ್ಷೆಲ್ ಅವರು ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ ಏಳು ಬಣ್ಣಗಳಾಗಿ ಬಿಡಿಸಿದರು. ಯಾವ ಬಣ್ಣ ಎಷ್ಟು ಬಿಸಿ ಎಂದು ತಿಳಿಯಲು ಒಂದೊಂದು ಬಣ್ಣದಲ್ಲೂ ಉಷ್ಣತಾಮಾಪಕ ಇಟ್ಟರು. ಕೆಂಪು ಬಣ್ಣ ಮುಗಿದು ಏನೂ ಕಾಣದ ಜಾಗದಲ್ಲಿಯೂ ಒಂದನ್ನು ಇಟ್ಟರು. ಆಶ್ಚರ್ಯ! ಅಲ್ಲಿಯೂ ಪಾದರಸ ಮೇಲೇರಿತು. ಕಣ್ಣಿಗೆ ಕಾಣದ ಕಿರಣ ಅಲ್ಲಿ ಬೀಳುತ್ತಿದೆ ಎಂದು ಅವರಿಗೆ ತಿಳಿಯಿತು. ಒಲೆಯ ಮುಂದೆ ಕೈ ಹಿಡಿದಾಗ ನಿಮಗೆ ತಾಗುವ ಬಿಸಿಯಲ್ಲಿಯೂ ಈ ಕಿರಣಗಳಿವೆ.

ಮಾಡಿ ನೋಡಿ – 1: ಕಾಣದ ಬೆಳಕನ್ನು ಕಾಣೋಣ

ಬೇಕಾಗುವ ಸಾಮಗ್ರಿಗಳು: ಕೆಲಸ ಮಾಡುವ ಟಿ.ವಿ. ರಿಮೋಟ್, ಕ್ಯಾಮೆರಾ ಇರುವ ಮೊಬೈಲ್, ಸ್ಟೀಲ್ ತಟ್ಟೆ, ಒಂದು ಹಾಳೆ, ಒಂದು ರಟ್ಟು.

ವಿಧಾನ:
1. ಕೋಣೆಯನ್ನು ಸ್ವಲ್ಪ ಕತ್ತಲೆ ಮಾಡಿ. ಮೊಬೈಲಿನ ಕ್ಯಾಮೆರಾ ತೆರೆಯಿರಿ. ರಿಮೋಟಿನ ಮುಂತುದಿಯಲ್ಲಿರುವ ಪುಟ್ಟ ಬಲ್ಬನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ ಗುಂಡಿ ಒತ್ತಿ. ಪರದೆಯ ಮೇಲೆ ಬಲ್ಬು ಮಿಣುಕುವುದು ಕಾಣುತ್ತದೆ. ಈಗ ಬರಿಗಣ್ಣಿನಿಂದ ನೋಡಿ. ಏನೂ ಕಾಣದು. (ಕೆಲವು ಮೊಬೈಲುಗಳ ಹಿಂಬದಿಯ ಕ್ಯಾಮೆರಾ ಈ ಕಿರಣವನ್ನು ತಡೆಯುತ್ತದೆ. ಆಗ ಮುಂಬದಿಯ ಕ್ಯಾಮೆರಾದಿಂದ ನೋಡಿ.)
2. ಈಗ ಟಿ.ವಿ.ಗೆ ಬೆನ್ನು ಮಾಡಿ ನಿಲ್ಲಿ. ಮುಂದೆ ಸ್ಟೀಲ್ ತಟ್ಟೆ ಹಿಡಿದು, ರಿಮೋಟನ್ನು ತಟ್ಟೆಯ ಕಡೆಗೆ ತೋರಿಸಿ ಒತ್ತಿ. ತಟ್ಟೆಯನ್ನು ಓರೆಯಾಗಿ ತಿರುಗಿಸುತ್ತಾ ಹೋಗಿ.
3. ರಿಮೋಟಿನ ಮುಂದೆ ಒಂದು ಹಾಳೆ ಹಿಡಿದು ಒತ್ತಿ. ಆಮೇಲೆ ರಟ್ಟು ಹಿಡಿದು ಒತ್ತಿ.

ಏನಾಯಿತು? ತಟ್ಟೆಗೆ ಬಡಿದ ಕಿರಣ ಪ್ರತಿಫಲಿಸಿ ಟಿ.ವಿ.ಗೆ ಹೋಯಿತು. ಕನ್ನಡಿಯಿಂದ ಬಿಸಿಲನ್ನು ಗೋಡೆಗೆ ಹಾಯಿಸುವಂತೆಯೇ ಇದು. ತೆಳು ಹಾಳೆಯನ್ನು ಸ್ವಲ್ಪ ಕಿರಣ ದಾಟಬಹುದು, ದಪ್ಪ ರಟ್ಟನ್ನು ದಾಟಲಾರದು. ಗೋಡೆಯನ್ನಂತೂ ದಾಟುವುದೇ ಇಲ್ಲ. ಪಕ್ಕದ ಮನೆಯವರ ರಿಮೋಟಿನಿಂದ ನಿಮ್ಮ ಟಿ.ವಿ. ಬದಲಾಗದಿರಲು ಇದೂ ಒಂದು ಕಾರಣ.

ಬಿಸಿಲು ಮೋಸ ಮಾಡದಂತೆ

ಈಗ ಒಂದು ಪ್ರಶ್ನೆ. ಬಿಸಿಲಿನಲ್ಲಿಯೂ ಅವಕೆಂಪು ಕಿರಣವಿದೆ ಎಂದೆವು. ಹಾಗಾದರೆ 1955ರ ಟಿ.ವಿ.ಯಂತೆ ನಮ್ಮ ಟಿ.ವಿ.ಯೂ ಬಿಸಿಲಿಗೆ ಮೋಸ ಹೋಗಬೇಕಲ್ಲವೇ? ಹೋಗುವುದಿಲ್ಲ, ಏಕೆ?

ಏಕೆಂದರೆ ರಿಮೋಟಿನ ಬೆಳಕು ಸುಮ್ಮನೆ ಉರಿಯುವುದಿಲ್ಲ. ಅದು ಒಂದು ಸೆಕೆಂಡಿಗೆ ಸುಮಾರು 38,000 ಸಲ ಹತ್ತಿ ಆರುವ ವೇಗದಲ್ಲಿ ಮಿಣುಕುತ್ತದೆ. ಟಿ.ವಿ.ಯಲ್ಲಿರುವ ಗ್ರಾಹಕ ಈ ವೇಗದಲ್ಲಿ ಮಿಣುಕುವ ಬೆಳಕನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬಿಸಿಲು ಮಿಣುಕದೆ ಒಂದೇ ಸಮ ಬೀಳುತ್ತದೆ. ಆದ್ದರಿಂದ ಗ್ರಾಹಕ ಅದನ್ನು ಬಿಟ್ಟುಬಿಡುತ್ತದೆ. ಸಂತೆಯ ಗದ್ದಲದಲ್ಲಿಯೂ ತಾಯಿ ತನ್ನ ಮಗುವಿನ ದನಿಯನ್ನು ಗುರುತಿಸುವುದಿಲ್ಲವೇ? ಹಾಗೆಯೇ ಇದು.

ಆದರೆ ಮಿಣುಕಿದ ಮಾತ್ರಕ್ಕೆ ಸಾಲದು. 'ಧ್ವನಿ ಹೆಚ್ಚಿಸು', 'ಮುಂದಿನದು', 'ನಿಲ್ಲಿಸು' ಎಂಬ ಬೇರೆ ಬೇರೆ ಆಜ್ಞೆಗಳನ್ನು ಬೇರೆ ಬೇರೆಯಾಗಿ ಹೇಳಬೇಕು. ಅದಕ್ಕಾಗಿ ಪ್ರತಿ ಗುಂಡಿಗೂ ಸೊನ್ನೆ ಮತ್ತು ಒಂದುಗಳಿಂದಾದ ಒಂದು ಸಂಕೇತ ಇರುತ್ತದೆ. ಬಹಳ ರಿಮೋಟುಗಳು ಬಳಸುವ 'ಎನ್‌ಇಸಿ' ಎಂಬ ಕ್ರಮವನ್ನು ನೋಡೋಣ. ಮೊದಲು 9 ಮಿಲಿಸೆಕೆಂಡುಗಳ ಉದ್ದನೆಯ ಮಿಣುಕು. ಅದರ ಅರ್ಥ 'ಕೇಳಿಸಿಕೊ, ಮಾತು ಶುರುವಾಗುತ್ತದೆ'. ಆಮೇಲೆ 32 ಅಂಕೆಗಳು ಬರುತ್ತವೆ. ಎರಡು ಮಿಣುಕುಗಳ ನಡುವಿನ ಬಿಡುವು ಚಿಕ್ಕದಾದರೆ 0, ಉದ್ದವಾದರೆ 1. ಇಷ್ಟೂ ಮುಗಿಯಲು ಒಂದು ಸೆಕೆಂಡಿನ ಸುಮಾರು ಹದಿನೈದನೇ ಒಂದು ಭಾಗ ಸಾಕು!

32 ಅಂಕೆಗಳಲ್ಲಿ ಮೊದಲ 8 ಯಂತ್ರದ ವಿಳಾಸ. ಮುಂದಿನ 8 ಅದೇ ವಿಳಾಸವನ್ನು ತಿರುವುಮುರುವು ಮಾಡಿದ್ದು, ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0. ಆಮೇಲಿನ 8 ಆಜ್ಞೆ. ಕೊನೆಯ 8 ಆಜ್ಞೆಯ ತಿರುವುಮುರುವು. ಒಂದೇ ಮಾತನ್ನು ಹೀಗೆ ಎರಡು ಸಲ ಏಕೆ ಹೇಳಬೇಕು? ಮುಂದಿನ ಆಟ ಆಡಿದರೆ ನಿಮಗೇ ತಿಳಿಯುತ್ತದೆ.

ಮಾಡಿ ನೋಡಿ – 2: ಟಾರ್ಚಿನ ರಿಮೋಟ್

ಇದು ತರಗತಿಯಲ್ಲಿ ಆಡುವ ಆಟ. ಒಬ್ಬರು 'ರಿಮೋಟ್', ಒಬ್ಬರು 'ಹಾಡುವ ಯಂತ್ರ'. ಇಬ್ಬರೂ ಕೋಣೆಯ ಎರಡು ತುದಿಗಳಲ್ಲಿ ನಿಲ್ಲಬೇಕು. ಮಾತಾಡುವಂತಿಲ್ಲ, ಟಾರ್ಚಿನ ಬೆಳಕು ಮಾತ್ರ. ಚಿಕ್ಕ ಮಿಂಚು 0, ಉದ್ದ ಮಿಂಚು 1. ಬೆಳಕನ್ನು ಯಾರ ಕಣ್ಣಿಗೂ ನೇರವಾಗಿ ಬಿಡಬೇಡಿ, ಗೋಡೆಗೆ ಬಿಡಿ.

ಆಜ್ಞೆಗಳ ಪಟ್ಟಿ:
001 – ಹಾಡು
010 – ತಡೆ
011 – ಮುಂದಿನ ಹಾಡು
100 – ಧ್ವನಿ ಹೆಚ್ಚಿಸು
101 – ಧ್ವನಿ ತಗ್ಗಿಸು

ಮೊದಲ ಸುತ್ತಿನಲ್ಲಿ ಮೂರೇ ಅಂಕೆ ಕಳಿಸಿ. 'ಯಂತ್ರ'ವಾದವರು ಸಂಕೇತವನ್ನು ಓದಿ ಅದರಂತೆ ಹಾಡಬೇಕು, ಇಲ್ಲವೇ ನಿಲ್ಲಿಸಬೇಕು. ತಪ್ಪುಗಳಾಗುತ್ತವೆ. 'ಮುಂದಿನ ಹಾಡು' ಎಂದು 011 ಕಳಿಸಿದರೆ, ಕೊನೆಯ ಉದ್ದ ಮಿಂಚನ್ನು ಚಿಕ್ಕದೆಂದು ತಿಳಿದು 010 ಎಂದು ಓದಬಹುದು. ಆಗ ಹಾಡು ಬದಲಾಗುವುದಿಲ್ಲ, ನಿಂತೇ ಹೋಗುತ್ತದೆ. ತಪ್ಪಾಯಿತೆಂದು ಯಂತ್ರಕ್ಕೆ ಗೊತ್ತೇ ಆಗದು.

ಎರಡನೇ ಸುತ್ತಿನಲ್ಲಿ ಆರು ಅಂಕೆ ಕಳಿಸಿ: ಮೊದಲು ಸಂಕೇತ, ಆಮೇಲೆ ಅದರ ತಿರುವುಮುರುವು. 'ಮುಂದಿನ ಹಾಡು' ಈಗ 011 100 ಆಗುತ್ತದೆ. ಯಂತ್ರ ಅದನ್ನು 010 100 ಎಂದು ಓದಿದರೆ? 010ರ ತಿರುವುಮುರುವು 101 ಆಗಬೇಕಿತ್ತು, ಬಂದದ್ದು 100. ಲೆಕ್ಕ ತಾಳೆಯಾಗಲಿಲ್ಲ! ಯಂತ್ರವು ಏನೂ ಮಾಡದೆ ಸುಮ್ಮನಿರಬೇಕು. ಹಾಡು ಬದಲಾಗದ್ದನ್ನು ಕಂಡು ರಿಮೋಟಿನವರು ಮತ್ತೆ ಕಳಿಸುತ್ತಾರೆ. ತಪ್ಪು ಕೆಲಸ ಮಾಡುವುದಕ್ಕಿಂತ ಸುಮ್ಮನಿರುವುದು ಮೇಲು. ರಿಮೋಟಿನ ಸಂಕೇತದಲ್ಲಿ ಅಡಗಿರುವ ಜಾಣತನ ಇದೇ.

ಕಂಪ್ಯೂಟರಿನ ಹಾಡಿಗೆ ಮೊಬೈಲೇ ರಿಮೋಟ್

ಟೇಪ್‌ರೆಕಾರ್ಡರ್ ಕಾಲದಲ್ಲಿ ಕ್ಯಾಸೆಟ್ ತಿರುಗಿಸಿ ಹಾಕಲು ಎದ್ದು ಹೋಗಲೇಬೇಕಿತ್ತು. ನಮ್ಮ ಗಂಗಾವತಿಯ ಪ್ರಾಣೇಶ್ ಅವರ ನಗೆಮಾತಿನ ಕ್ಯಾಸೆಟ್ಟುಗಳನ್ನು ನಿಮ್ಮ ತಂದೆ-ತಾಯಿ ಹಾಗೆಯೇ ಕೇಳಿರಬಹುದು, ಕೇಳಿ ನೋಡಿ. ಈಗ ಹಾಡುಗಳು ಕಂಪ್ಯೂಟರಿನಲ್ಲಿ ಕಡತಗಳಾಗಿ ಇರುತ್ತವೆ. ಅವನ್ನು ನುಡಿಸುವುದು ಒಂದು ತಂತ್ರಾಂಶ. ಶಾಲೆಯ ಕಾರ್ಯಕ್ರಮದಲ್ಲಿ ನಾಡಗೀತೆ ಹಾಕುವಾಗ ಕಂಪ್ಯೂಟರ್ ಒಂದು ಮೂಲೆಯಲ್ಲಿ, ವೇದಿಕೆ ಇನ್ನೊಂದು ಕಡೆ. ಆಗ ದೂರದಿಂದಲೇ 'ಹಾಡು' ಎನ್ನುವ ಉಪಾಯ ಬೇಕಾಗುತ್ತದೆ.

ವಿಎಲ್‌ಸಿ ಎಂಬ ತಂತ್ರಾಂಶದ ಹೆಸರನ್ನು ನೀವು ಕೇಳಿರಬಹುದು. ಕಿತ್ತಳೆ-ಬಿಳಿ ಬಣ್ಣದ ಕೋನಾಕಾರದ ಗುರುತು ಅದರದ್ದು. ಇದನ್ನು 1996ರಲ್ಲಿ ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಆರಂಭಿಸಿದರು. 2001ರಿಂದ ಇದು ಮುಕ್ತ ತಂತ್ರಾಂಶ. ಅಂದರೆ ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ಒಳಗೆ ಹೇಗಿದೆ ಎಂದು ನೋಡಿ ಬದಲಿಸಲೂಬಹುದು. ಇದರಲ್ಲಿ ದೂರದಿಂದ ಆಜ್ಞೆ ಸ್ವೀಕರಿಸುವ ಏರ್ಪಾಡು ಮೊದಲೇ ಇದೆ. ಅದನ್ನು ಎಚ್ಚರಿಸಿದರೆ ಸಾಕು.

ಶಿಕ್ಷಕರೊಂದಿಗೆ ಕುಳಿತು ಹೀಗೆ ಮಾಡಿ (ವಿಎಲ್‌ಸಿಯ 3ನೇ ಆವೃತ್ತಿ):
1. 'ಟೂಲ್ಸ್' ಪಟ್ಟಿಯಲ್ಲಿ 'ಪ್ರಿಫರೆನ್ಸಸ್' ತೆರೆಯಿರಿ. ಕೆಳಗಿನ ಮೂಲೆಯಲ್ಲಿ 'ಆಲ್' ಆರಿಸಿ.
2. 'ಇಂಟರ್‌ಫೇಸ್' ಅಡಿಯಲ್ಲಿ 'ಮೇನ್ ಇಂಟರ್‌ಫೇಸಸ್' ಒತ್ತಿ, 'ವೆಬ್' ಎಂಬುದಕ್ಕೆ ಗುರುತು ಹಾಕಿ.
3. ಅದರ ಒಳಗಿನ 'ಲುವಾ' ಎಂಬಲ್ಲಿ, 'ಲುವಾ ಎಚ್‌ಟಿಟಿಪಿ' ಅಡಿಯಲ್ಲಿ ಒಂದು ಗುಪ್ತಪದ ಕೊಡಿ. ಉಳಿಸಿ, ವಿಎಲ್‌ಸಿಯನ್ನು ಮುಚ್ಚಿ ಮತ್ತೆ ತೆರೆಯಿರಿ.
4. ಕಂಪ್ಯೂಟರ್ ಮತ್ತು ಮೊಬೈಲ್ ಎರಡೂ ಒಂದೇ ವೈಫೈಗೆ ಸೇರಿರಲಿ. ಮೊಬೈಲಿನ ಬ್ರೌಸರಿನಲ್ಲಿ ಕಂಪ್ಯೂಟರಿನ ಅಂಕೆ-ವಿಳಾಸ ಬರೆದು, ಕೋಲನ್ ಗುರುತು ಹಾಕಿ, 8080 ಎಂದು ಬರೆಯಿರಿ. ಉದಾಹರಣೆಗೆ 192.168.1.5:8080. ನಿಮ್ಮ ಕಂಪ್ಯೂಟರಿನ ವಿಳಾಸ ಬೇರೆ ಇರುತ್ತದೆ, ಶಿಕ್ಷಕರು ಹುಡುಕಿಕೊಡುತ್ತಾರೆ.
5. ಹೆಸರಿನ ಜಾಗ ಖಾಲಿ ಬಿಟ್ಟು ಗುಪ್ತಪದ ಮಾತ್ರ ಬರೆಯಿರಿ. ಮೊಬೈಲಿನಲ್ಲಿ ಗುಂಡಿಗಳಿರುವ ಪುಟ ತೆರೆಯುತ್ತದೆ.

ಇದಕ್ಕೆ ಅಂತರಜಾಲ ಬೇಡ! ಮಾತುಕತೆ ನಡೆಯುವುದು ಒಂದೇ ಕೋಣೆಯ ಮೊಬೈಲ್ ಮತ್ತು ಕಂಪ್ಯೂಟರುಗಳ ನಡುವೆ ಮಾತ್ರ. ವೈಫೈ ಎಂಬುದು ರೇಡಿಯೋ ತರಂಗ. ಬೋಸರ ಗಂಟೆಗೆ ಬಂದ ತರಂಗದಂತೆ ಇದೂ ಗೋಡೆಯನ್ನು ದಾಟುತ್ತದೆ. ಆದ್ದರಿಂದ ಪಕ್ಕದ ಕೋಣೆಯಿಂದಲೂ ಹಾಡು ಬದಲಿಸಬಹುದು. ಹಾಗೆಯೇ ಪಕ್ಕದ ಕೋಣೆಯ ತುಂಟರೂ ಬದಲಿಸಬಹುದು! ಅದಕ್ಕೇ ಗುಪ್ತಪದ ಬೇಕಾಗುವುದು. ಅವಕೆಂಪು ಕಿರಣಕ್ಕೆ ಗೋಡೆಯೇ ಬೀಗ, ರೇಡಿಯೋ ತರಂಗಕ್ಕೆ ಗುಪ್ತಪದವೇ ಬೀಗ.

ಹಳೆಯ ರಿಮೋಟ್ ಹೇಳುತ್ತದೆ, ಹೊಸ ರಿಮೋಟ್ ಕೇಳುತ್ತದೆ

ಟಿ.ವಿ. ರಿಮೋಟ್ ಆಜ್ಞೆ ಕಳಿಸಿ ಸುಮ್ಮನಾಗುತ್ತದೆ. ಟಿ.ವಿ. ಹತ್ತಿತೋ ಇಲ್ಲವೋ ಅದಕ್ಕೆ ತಿಳಿಯದು. ಮೊಬೈಲಿನ ಪುಟ ಹಾಗಲ್ಲ. ಅದು ಆಗಾಗ ವಿಎಲ್‌ಸಿಯನ್ನು 'ಈಗ ಯಾವ ಹಾಡು? ಎಷ್ಟು ಸೆಕೆಂಡ್ ಆಯಿತು? ಧ್ವನಿ ಎಷ್ಟು?' ಎಂದು ಕೇಳುತ್ತದೆ. ವಿಎಲ್‌ಸಿ ಉತ್ತರ ಕೊಡುತ್ತದೆ. ಈ ಉತ್ತರದಲ್ಲಿ ಧ್ವನಿ 256 ಎಂದಿದ್ದರೆ ನೂರಕ್ಕೆ ನೂರು ಎಂದರ್ಥ. ಇಬ್ಬರು ಎರಡು ಮೊಬೈಲಿನಲ್ಲಿ ಅದೇ ಪುಟ ತೆರೆದರೆ ಇಬ್ಬರಿಗೂ ಒಂದೇ ಹಾಡಿನ ಹೆಸರು ಕಾಣುತ್ತದೆ. ಏಕೆಂದರೆ ಹಾಡಿನ ನಿಜವಾದ ಸ್ಥಿತಿ ಇರುವುದು ಕಂಪ್ಯೂಟರಿನಲ್ಲಿ. ಮೊಬೈಲು ಅದರ ಕನ್ನಡಿ ಮಾತ್ರ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಎಲ್‌ಸಿಯಲ್ಲಿ ಹಾಡು ತಡೆಯಲು ಎರಡು ಬಗೆಯ ಆಜ್ಞೆಗಳಿವೆ. ಮೊದಲನೆಯದು 'ಪಾಸ್': ಹಾಡುತ್ತಿದ್ದರೆ ತಡೆಯುತ್ತದೆ, ತಡೆದಿದ್ದರೆ ಹಾಡಿಸುತ್ತದೆ. ಎರಡನೆಯದು 'ಫೋರ್ಸ್‌ಪಾಸ್': ಏನೇ ಇರಲಿ, ತಡೆಯುವುದಷ್ಟೇ ಅದರ ಕೆಲಸ. ವ್ಯತ್ಯಾಸವೇನು? ವೈಫೈ ನಿಧಾನವಾಗಿದೆ, ನೀವು ಗುಂಡಿ ಒತ್ತಿದಿರಿ, ಏನೂ ಆಗಲಿಲ್ಲವೆಂದು ಮತ್ತೆ ಒತ್ತಿದಿರಿ. ಎರಡೂ ಆಜ್ಞೆಗಳು ಒಟ್ಟಿಗೆ ಮುಟ್ಟಿದವು. ಮೊದಲ ಬಗೆಯಲ್ಲಿ ಹಾಡು ನಿಂತು, ಮತ್ತೆ ಶುರುವಾಗಿಬಿಡುತ್ತದೆ. ಎರಡನೇ ಬಗೆಯಲ್ಲಿ ಹತ್ತು ಸಲ ಒತ್ತಿದರೂ ಹಾಡು ನಿಂತೇ ಇರುತ್ತದೆ. ಹಾಡಿನಲ್ಲಿ ಇದು ನಗೆಯ ವಿಷಯ. ಎಲ್ಲ ಕಡೆಯೂ ಹಾಗಲ್ಲ.

ಹೊಲದಲ್ಲೊಂದು ರಿಮೋಟ್

ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಕೊಳವೆಬಾವಿಗಳನ್ನು ನೋಡಿದ್ದೀರಿ. ಪಂಪ್‌ಸೆಟ್ಟಿಗೆ ಬೇಕಾದ ತ್ರೀಫೇಸ್ ಕರೆಂಟು ದಿನವಿಡೀ ಇರುವುದಿಲ್ಲ, ಕೆಲವೊಮ್ಮೆ ರಾತ್ರಿ ಬರುತ್ತದೆ. ಕರೆಂಟು ಬಂತೇ ಎಂದು ನೋಡಲು, ಮೋಟಾರು ಹಚ್ಚಲು ರೈತರು ಕತ್ತಲೆಯಲ್ಲಿ ಹೊಲಕ್ಕೆ ನಡೆಯಬೇಕಾಗುತ್ತದೆ. ದಾರಿಯಲ್ಲಿ ಹಾವು, ಚೇಳುಗಳ ಭಯ. ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟಿದರೆ ಪ್ರಾಣಕ್ಕೇ ಅಪಾಯ.

ಪುಣೆಯ ಇಂಜಿನಿಯರ್ ಸಂತೋಷ್ ಒಸ್ತ್ವಾಲ್ ಅವರ ಅಜ್ಜ ಹೀಗೆಯೇ ಪಂಪಿಗಾಗಿ ಹೊಲಕ್ಕೆ ನಡೆಯುತ್ತಿದ್ದರು. ಅದನ್ನು ನೋಡಿದ್ದ ಅವರು ಮುಂದೆ ಮೊಬೈಲಿನಿಂದ ಪಂಪು ನಡೆಸುವ 'ನ್ಯಾನೋ ಗಣೇಶ' ಎಂಬ ಸಾಧನ ರೂಪಿಸಿದರು. ಇಂಥ 'ಮೊಬೈಲ್ ಸ್ಟಾರ್ಟರ್'ಗಳು ಈಗ ಹಲವು ಬಗೆಯವು ಸಿಗುತ್ತವೆ. ಸ್ಟಾರ್ಟರಿನ ಪಕ್ಕದ ಪೆಟ್ಟಿಗೆಯಲ್ಲಿ ಒಂದು ಸಿಮ್ ಇರುತ್ತದೆ. ರೈತರು ಮನೆಯಿಂದ ಕರೆ ಅಥವಾ ಸಂದೇಶ ಕಳಿಸಿದರೆ ಮೋಟಾರು ಹತ್ತುತ್ತದೆ, ಆರುತ್ತದೆ.

ನಾವು ಹಾಡಿನ ರಿಮೋಟಿನಲ್ಲಿ ಕಲಿತ ಮೂರು ಪಾಠಗಳೂ ಇಲ್ಲಿ ಬೇಕು. ಒಂದು, ಗುರುತು: ಯಾರೋ ತಪ್ಪಿ ಕರೆ ಮಾಡಿದರೆ ಪಂಪು ಹತ್ತಬಾರದು, ನೋಂದಾಯಿಸಿದ ನಂಬರಿನ ಮಾತನ್ನಷ್ಟೇ ಕೇಳಬೇಕು. ಎರಡು, ಸ್ಪಷ್ಟ ಆಜ್ಞೆ: 'ಹಚ್ಚು' ಮತ್ತು 'ಆರಿಸು' ಬೇರೆಬೇರೆಯಾಗಿರಬೇಕು. ಒಂದೇ ಆಜ್ಞೆ ಎರಡೂ ಕೆಲಸ ಮಾಡಿದರೆ, ಆರಿಸಿದೆವೆಂದು ತಿಳಿದ ಪಂಪು ರಾತ್ರಿಯೆಲ್ಲ ಓಡಬಹುದು. ಮೂರು, ಉತ್ತರ: ಪಂಪು ಹತ್ತಿತೇ, ಕರೆಂಟು ಇದೆಯೇ ಎಂದು ಅದು ತಿರುಗಿ ಹೇಳಬೇಕು.

ನಾಲ್ಕನೆಯದೊಂದಿದೆ. ಮನೆಯಲ್ಲಿ ಗುಂಡಿ ಒತ್ತುವವರಿಗೆ ಹೊಲ ಕಾಣುವುದಿಲ್ಲ. ಆ ಹೊತ್ತಿಗೆ ಯಾರಾದರೂ ಪಂಪಿಗೆ ಕೈ ಹಾಕಿದ್ದರೆ? ಆದ್ದರಿಂದ ದುರಸ್ತಿ ಮಾಡುವವರು ಮೊದಲು ಮೇನ್ ಸ್ವಿಚ್ ತೆಗೆಯಬೇಕು. ದೂರದಿಂದ ನಡೆಸುವ ಯಂತ್ರದ ಬಳಿ 'ಇದು ಯಾವಾಗ ಬೇಕಾದರೂ ಹತ್ತಬಹುದು' ಎಂಬ ಎಚ್ಚರ ಇರಲೇಬೇಕು. ಮಕ್ಕಳೇ, ನೀವು ಸ್ಟಾರ್ಟರ್ ಪೆಟ್ಟಿಗೆಯನ್ನಾಗಲಿ ಪಂಪನ್ನಾಗಲಿ ಮುಟ್ಟಲೇಬಾರದು.

ಗುಂಡಿಯಿಂದ ಕೆಲಸದವರೆಗೆ ಒಂದು ಸರಪಳಿ

ನಮ್ಮ ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟುಗಳಿವೆ. ಇವನ್ನು ಎತ್ತಿ ಇಳಿಸುವುದು ಸರಪಳಿಗಳ ಮೂಲಕ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಗಂಗಾವತಿ ಭಾಗದ ಭತ್ತಕ್ಕೆ ಬೇಕಾದ ನೀರು ನದಿಗೆ ಹರಿದುಹೋಗುತ್ತಿತ್ತು, ರೈತರು ಕಂಗಾಲಾದರು. ಒಂದು ವಾರದೊಳಗೆ ಪರಿಣತ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಆ ಕಿಂಡಿಯನ್ನು ಮುಚ್ಚಲಾಯಿತು.

ಇದರಿಂದ ನಾವೇನು ಕಲಿಯಬೇಕು? ಸರಪಳಿ ಕಡಿದ ಮೇಲೆ ಯಾವ ಗುಂಡಿ ಒತ್ತಿದರೂ ಗೇಟು ಕೇಳದು. ಬೆರಳಿನಿಂದ ಕೆಲಸದವರೆಗೆ ಹಲವು ಕೊಂಡಿಗಳಿರುತ್ತವೆ: ಗುಂಡಿ, ಸಂಕೇತ, ತರಂಗ, ಗ್ರಾಹಕ, ಮೋಟಾರು, ಸರಪಳಿ. ಒಂದು ಕಡಿದರೂ ಕೆಲಸ ನಿಲ್ಲುತ್ತದೆ. ಆದ್ದರಿಂದ 'ಆಜ್ಞೆ ಕಳಿಸಿದೆ' ಎಂಬುದೂ 'ಕೆಲಸವಾಯಿತು' ಎಂಬುದೂ ಒಂದೇ ಅಲ್ಲ. ಕೆಲಸವಾಯಿತೇ ಎಂದು ಕೊನೆಯ ಕೊಂಡಿಯಲ್ಲಿಯೇ ನೋಡಬೇಕು. ಹಾಡಾದರೆ ಕಿವಿಯಿಂದ, ಪಂಪಾದರೆ ಪೈಪಿನ ನೀರಿನಿಂದ.

ಮಾಡಿ ನೋಡಿ – 3: ಅಜ್ಜಿಗೊಂದು ರಿಮೋಟ್

ಈಗ ನೀವೇ ವಿನ್ಯಾಸಕರು. ಓದಲು ಬಾರದ, ಕಣ್ಣು ಮಂಜಾದ ಅಜ್ಜಿಯೂ ಬಳಸಬಹುದಾದ ಹಾಡಿನ ರಿಮೋಟನ್ನು ರಟ್ಟಿನಲ್ಲಿ ಮಾಡಿ.

1. ಅಜ್ಜಿಗೆ ನಿಜವಾಗಿ ಬೇಕಾದ ಆಜ್ಞೆಗಳು ಯಾವುವು ಎಂದು ಅವರನ್ನೇ ಕೇಳಿ. ನಾಲ್ಕೈದಕ್ಕಿಂತ ಹೆಚ್ಚು ಬೇಕಾಗದಿರಬಹುದು.
2. ಅಕ್ಷರದ ಬದಲು ಚಿತ್ರ ಬಳಸಿ. ತ್ರಿಕೋನ ಎಂದರೆ ಹಾಡು, ಎರಡು ನಿಂತ ಗೆರೆ ಎಂದರೆ ತಡೆ. ಇವು ಲೋಕಕ್ಕೆಲ್ಲ ಪರಿಚಿತ. ಅಜ್ಜಿಗೆ ಅವು ತಿಳಿಯದಿದ್ದರೆ ನಿಮ್ಮದೇ ಚಿತ್ರ ಬರೆಯಿರಿ. ಕಿನ್ನಾಳದ ಗೊಂಬೆಗಳಂತೆ ಎದ್ದು ಕಾಣುವ ಬಣ್ಣ ಹಚ್ಚಿ.
3. ಕಣ್ಣು ಕಾಣದವರಿಗೆ ಬೆರಳೇ ಕಣ್ಣು. ಗುಂಡಿಗಳಿರುವ ಮೊಬೈಲಿನ 5ರ ಗುಂಡಿಯ ಮೇಲೆ ಬೆರಳಾಡಿಸಿ. ಅಲ್ಲೊಂದು ಪುಟ್ಟ ಉಬ್ಬು ಇರುತ್ತದೆ. ಅದೊಂದು ಸಿಕ್ಕರೆ ಉಳಿದ ಅಂಕೆಗಳೆಲ್ಲ ಸಿಕ್ಕಂತೆ. ನಿಮ್ಮ ರಿಮೋಟಿನ ಮುಖ್ಯ ಗುಂಡಿಗೂ ಒಂದು ಕಾಳು ಅಂಟಿಸಿ.
4. ಗುಂಡಿಗಳು ದೊಡ್ಡದಾಗಿರಲಿ, ದೂರ ದೂರ ಇರಲಿ. 'ತಡೆ' ಗುಂಡಿಯ ಪಕ್ಕದಲ್ಲಿಯೇ 'ಧ್ವನಿ ಹೆಚ್ಚಿಸು' ಇದ್ದರೆ ಏನಾಗುತ್ತದೆ, ಯೋಚಿಸಿ!
5. ಮುಗಿದ ಮೇಲೆ ಐದು ಜನರ ಕೈಗೆ ಕೊಟ್ಟು 'ಮುಂದಿನ ಹಾಡು ಹಾಕಿ' ಎನ್ನಿ. ನೀವು ಹೇಳಿಕೊಡಬಾರದು, ನೋಡುತ್ತಿರಬೇಕು. ಯಾರು ಎಲ್ಲಿ ತಡವರಿಸಿದರು ಎಂದು ಬರೆದುಕೊಳ್ಳಿ. ತಡವರಿಸಿದರೆ ತಪ್ಪು ಅವರದಲ್ಲ, ರಿಮೋಟಿನದು. ತಿದ್ದಿ ಮತ್ತೆ ಪರೀಕ್ಷಿಸಿ.

ತೊಗಲುಗೊಂಬೆ ಆಡಿಸುವವರು ಗೊಂಬೆಯನ್ನು ಎಷ್ಟು ಚೆನ್ನಾಗಿ ಬಲ್ಲರೋ, ರಿಮೋಟ್ ಮಾಡುವವರು ಅದನ್ನು ಹಿಡಿಯುವ ಕೈಯನ್ನು ಅಷ್ಟು ಚೆನ್ನಾಗಿ ಬಲ್ಲವರಾಗಿರಬೇಕು.

ಉತ್ತರಿಸಿ

1. ಮೂರು ಅಂಕೆಗಳ ಸಂಕೇತದಿಂದ ಒಟ್ಟು ಎಷ್ಟು ಬೇರೆಬೇರೆ ಆಜ್ಞೆಗಳನ್ನು ಹೇಳಬಹುದು?
2. 'ಧ್ವನಿ ತಗ್ಗಿಸು' ಎಂಬುದನ್ನು ತಿರುವುಮುರುವಿನೊಡನೆ ಆರು ಅಂಕೆಗಳಲ್ಲಿ ಬರೆಯಿರಿ.
3. ಎನ್‌ಇಸಿ ಕ್ರಮದ 32 ಅಂಕೆಗಳಲ್ಲಿ ಯಾವಾಗಲೂ 16 ಸೊನ್ನೆ, 16 ಒಂದುಗಳೇ ಇರುತ್ತವೆ. ಏಕೆ?
4. ವಿಎಲ್‌ಸಿಯಲ್ಲಿ ಧ್ವನಿ ಅರ್ಧಕ್ಕಿಳಿಸಲು ಯಾವ ಸಂಖ್ಯೆ ಕೊಡಬೇಕು?
5. ಮೊಬೈಲಿನಲ್ಲಿ 'ಹಾಡುತ್ತಿದೆ' ಎಂದು ತೋರಿಸುತ್ತಿದೆ, ಆದರೆ ಹಾಡು ಕೇಳುತ್ತಿಲ್ಲ. ಯಾವ ಯಾವ ಕೊಂಡಿ ಕಡಿದಿರಬಹುದು? ತರಗತಿಯಲ್ಲಿ ಚರ್ಚಿಸಿ.

ಉತ್ತರಗಳು: 1) 8. 2) 101 010. 3) ಪ್ರತಿ ಸೊನ್ನೆಗೂ ತಿರುವುಮುರುವಿನಲ್ಲಿ ಒಂದು 'ಒಂದು', ಪ್ರತಿ ಒಂದಕ್ಕೂ ಒಂದು ಸೊನ್ನೆ ಇರುವುದರಿಂದ. 4) 128. 5) ಸ್ಪೀಕರಿನ ವೈರು ಬಿಚ್ಚಿರಬಹುದು, ಸ್ಪೀಕರ್ ಆರಿರಬಹುದು, ಧ್ವನಿ ಸೊನ್ನೆಯಲ್ಲಿರಬಹುದು. ಇನ್ನೂ ಕಾರಣಗಳು ನಿಮಗೆ ಹೊಳೆದರೆ ಪಟ್ಟಿಗೆ ಸೇರಿಸಿ, ಶಿಕ್ಷಕರಿಗೆ ತೋರಿಸಿ.